ಮಾತು ಕಲಿತ ಟೈಲರ್‌ಗೆ ಸಿಕ್ಕಿದ್ದೆಷ್ಟು?

ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕ್ ಕಡೆಗೆ ಬೆಳಗಿನ ಹೊತ್ತು ಹೋಗುವ ಬಸ್ಸು, ವ್ಯಾನುಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಈ ಊರಿನ ನೇಕಾರರಿಗೆ ಮನೆಯೇ ಕೆಲಸದ ಜಾಗ. ಗಂಡ ಮಗ್ಗದ ಮುಂದೆ ನಿಂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮಾತುಕತೆ ಮನೆಯವರ ನಡುವೆಯೇ ಮುಗಿಯುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಮಗಳ ಪಾಡು ಬೇರೆ. ನೂರಾರು ಮಂದಿಯ ಫ್ಲೋರ್‌ನಲ್ಲಿ, ಪರಿಚಯವೇ ಇಲ್ಲದ ಸೂಪರ್‌ವೈಸರ್ ಎದುರು ನಿಂತು, 'ಸರ್, ಮಷಿನ್‌ನಲ್ಲಿ ದಾರ ಕಡೀತಾ ಇದೆ, ಈ ಗಂಟೆಯ ಟಾರ್ಗೆಟ್ ಆಗಲ್ಲ' ಎಂದು ಅವಳು ಹೇಳಬೇಕು. ಅಳದೆ, ರೇಗದೆ, ಸರಿಯಾದ ಹೊತ್ತಿಗೆ ಹೇಳಬೇಕು. ದುಡಿಯುವ ಜಾಗದಲ್ಲಿ ಮೊದಲಿಗೆ ಬೇಕಾದ ಸಂವಹನ ಕೌಶಲ ಇದು.

ನಮ್ಮಲ್ಲಿ ಆ ಹೆಸರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ಸ್ಪೋಕನ್ ಇಂಗ್ಲಿಷ್ ಮತ್ತು ಇಂಟರ್‌ವ್ಯೂ ತಯಾರಿ. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಸಿಕ್ಕ ಮರುದಿನದಿಂದ ಬೇಕಾಗುವ ಮಾತು ಬಹುಪಾಲು ಕನ್ನಡದ್ದು, ಮತ್ತು ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಹೇಳಿಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಗಟ್ಟಿ ಉದಾಹರಣೆ ಇದೆ. ಅಮೆರಿಕದ ಉಡುಪು ಕಂಪನಿ ಗ್ಯಾಪ್ 2007ರಲ್ಲಿ ಗಾರ್ಮೆಂಟ್ಸ್ ಮಹಿಳೆಯರಿಗಾಗಿ 'ಪೇಸ್' ಎಂಬ ತರಬೇತಿ ಶುರುಮಾಡಿತು. ಸಂವಹನ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವ ಬಗೆ, ಹಣಕಾಸಿನ ತಿಳಿವಳಿಕೆ ಅದರ ಪಾಠಗಳು. ಶಾಹಿ ಎಕ್ಸ್‌ಪೋರ್ಟ್ಸ್ ತನ್ನ ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಇದನ್ನು ನಡೆಸಿದಾಗ ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನೈಷಧಮ್ ಅದನ್ನು ಪರೀಕ್ಷೆಗೆ ಒಡ್ಡಿದರು. ಆಸಕ್ತಿ ತೋರಿದವರಲ್ಲಿ ಲಾಟರಿ ಎತ್ತಿ ಕೆಲವರಿಗೆ ತರಬೇತಿ ಕೊಡಲಾಯಿತು. ಉಳಿದವರ ಕೆಲಸವನ್ನು ಹೋಲಿಕೆಗೆ ಇಟ್ಟುಕೊಂಡರು.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಶೇ 10ಕ್ಕೂ ಮೀರಿ ಹೆಚ್ಚಿತು. ಅಲ್ಲಿ ಹೊಸ ಹೊಲಿಗೆ ಕಲಿಸಿರಲಿಲ್ಲ. ಮಾತಾಡಲು ಧೈರ್ಯ ಬಂದವರು ಬೇರೆ ಬೇರೆ ಕೆಲಸಗಳನ್ನು ತಾವಾಗಿಯೇ ಕಲಿಯತೊಡಗಿದರು. ಲೈನ್‌ನಲ್ಲಿ ಒಬ್ಬರ ಪೀಸ್ ಇನ್ನೊಬ್ಬರ ಕೈಗೆ ಹೋಗುವುದರಿಂದ, ಎಲ್ಲಿ ತಡವಾಗುತ್ತಿದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರೂ ಇಡೀ ಲೈನ್ ಸಲೀಸಾಗುತ್ತದೆ. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿ ಹಾಕಿದ ಹಣದ ಮೇಲೆ ಸಿಕ್ಕ ನಿವ್ವಳ ಪ್ರತಿಫಲ ಶೇ 250 ದಾಟಿತ್ತು.

ಆ ಮಹಿಳೆಯರ ಸಂಬಳ? ಅದು ಏರಿದ್ದು ಶೇ 0.5ರಷ್ಟು. ತಿಂಗಳಿಗೆ 10,000 ರೂಪಾಯಿ ಪಡೆಯುವವರಿಗೆ ಇದು 50 ರೂಪಾಯಿ.

ಸಂವಹನ ಕೌಶಲದ ಬಗ್ಗೆ ಭಾಷಣ ಮಾಡುವವರೆಲ್ಲ ಈ 50 ರೂಪಾಯಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. 'ನಿಮ್ಮನ್ನು ನೀವು ತಿದ್ದಿಕೊಳ್ಳಿ, ಬದುಕು ತಾನಾಗಿ ಸುಧಾರಿಸುತ್ತದೆ' ಎಂಬುದು ವ್ಯಕ್ತಿತ್ವ ವಿಕಸನ ಶಿಬಿರಗಳ ಮೂಲಮಂತ್ರ. ಈ ಹೆಣ್ಣುಮಕ್ಕಳು ತಿದ್ದಿಕೊಂಡರು, ಕೆಲಸದಲ್ಲಿ ಅದನ್ನು ತೋರಿಸಿದರು. ಲಾಭ ಮಾತ್ರ ಬೇರೆಡೆಗೆ ಹರಿಯಿತು. ತರಬೇತಿ ಬೇಡವೆನ್ನಲು ಇದು ಕಾರಣವಾಗಬಾರದು. ಆತ್ಮವಿಶ್ವಾಸಕ್ಕೆ ಅದರದೇ ಬೆಲೆ ಇದೆ, ಬ್ಯಾಂಕಿನಲ್ಲಿ, ಮಕ್ಕಳ ಶಾಲೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ. ಆದರೆ ಕಲಿತದ್ದಕ್ಕೆ ಸಂಬಳದಲ್ಲಿ ಪಾಲು ಕೇಳುವುದು ದುರಾಸೆಯಲ್ಲ.

ಇನ್ನೊಂದು ವಿಷಯ, ಕೇಳಿಸಿಕೊಳ್ಳುವವರದ್ದು. 2016ರಲ್ಲಿ ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾದಾಗ ಇದೇ ಸಂಶೋಧಕರಲ್ಲಿ ಕೆಲವರಿದ್ದ ತಂಡ ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಕೆಲವರನ್ನು ಆರಿಸಿ, ಹೆಸರು ಹೇಳದೆ ಅಭಿಪ್ರಾಯ ತಿಳಿಸಲು ಅವಕಾಶ ಮಾಡಿಕೊಟ್ಟಿತು. ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಪ್ರಶ್ನೆಗಳಷ್ಟೇ. ಹಾಗೆ ಹೇಳಿಕೊಂಡವರಲ್ಲಿ ಕೆಲಸ ಬಿಟ್ಟುಹೋಗುವುದೂ ರಜೆ ಹಾಕುವುದೂ ಕಡಿಮೆಯಾಯಿತು. ಇದಕ್ಕಾಗಿ ಸಂಬಳ ಒಂದು ಪೈಸೆಯೂ ಬದಲಾಗಿರಲಿಲ್ಲ. ಹಾಗೆಂದು ಬರೀ ಕಿವಿಗೊಟ್ಟು ಕೈಕಟ್ಟಿ ಕೂರುವ ಆಡಳಿತವನ್ನು ಕಾರ್ಮಿಕರು ಎಷ್ಟು ದಿನ ನಂಬಿಯಾರು?

ಕೇಳಿಸಿಕೊಳ್ಳದೇ ಹೋದರೆ ಆಗುವ ಅನಾಹುತವನ್ನು ಕೋಲಾರ ಜಿಲ್ಲೆಯ ನರಸಾಪುರ ಕಂಡಿದೆ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್‌ನ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಸಂಬಳ ಕಡಿಮೆ ಬರುತ್ತಿದೆ, ಓಟಿ ಲೆಕ್ಕ ಸರಿಯಿಲ್ಲ ಎಂಬ ದೂರು ಅದಕ್ಕೂ ಮೊದಲೇ ಇತ್ತು. ಹಾಜರಾತಿ ದಾಖಲಿಸುವ ವ್ಯವಸ್ಥೆಯಲ್ಲೇ ದೋಷವಿದ್ದದ್ದು ಆಮೇಲೆ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲಿ ಕಂಡುಬಂತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಕಂಪನಿ ಒಪ್ಪಿ ಕ್ಷಮೆ ಕೇಳಿತು, ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ದಾಂಧಲೆಯನ್ನು ಸಮರ್ಥಿಸಲಾಗದು. ಆದರೆ ಅಲ್ಲಿ ಮಾತು ಬಾರದವರು ಇದ್ದರು ಎನ್ನಲೂ ಆಗದು.

ಈಗ ದೇವನಹಳ್ಳಿ–ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಫಾಕ್ಸ್‌ಕಾನ್ ಐಫೋನ್ ತಯಾರಿಸುತ್ತಿದೆ. ಸಾವಿರಾರು ಯುವತಿಯರು ಮೊದಲ ಸಲ ಇಂಥ ಕಾರ್ಖಾನೆಗಳ ಗೇಟು ದಾಟುತ್ತಿದ್ದಾರೆ. ಐಟಿಐ, ಪದವಿ ಕಾಲೇಜುಗಳು ಮತ್ತು ಸರ್ಕಾರದ ಕೌಶಲ ಕೇಂದ್ರಗಳು ಅವರಿಗೆ ಕೈಕುಲುಕುವ ರೀತಿ ಕಲಿಸುವ ಮೊದಲು ಪೇ ಸ್ಲಿಪ್ ಓದುವುದನ್ನು ಕಲಿಸಲಿ. ಪಿಎಫ್ ಕಡಿತ ಎಷ್ಟು, ಓಟಿ ಎಷ್ಟು ಗಂಟೆ, ತಪ್ಪಿದ್ದರೆ ಯಾರನ್ನು ಯಾವ ಮಾತಿನಲ್ಲಿ ಕೇಳಬೇಕು ಎಂಬುದನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಲಿ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಕಾರ್ಮಿಕರಲ್ಲಿ ಮಹಿಳೆಯರ ಪ್ರಮಾಣ ಎಷ್ಟಿದೆಯೋ ಸಮಿತಿಯಲ್ಲೂ ಅಷ್ಟಾದರೂ ಮಹಿಳೆಯರಿರಬೇಕು ಎನ್ನುತ್ತದೆ 2020ರ ಕೈಗಾರಿಕಾ ಸಂಬಂಧ ಸಂಹಿತೆ. ಆ ಸಮಿತಿಯಲ್ಲಿ ಕುಳಿತು ಮಾತಾಡುವುದೂ ಒಂದು ಪಾಠವಾಗಲಿ.

ಸೂಪರ್‌ವೈಸರ್‌ಗಳಿಗೂ ಅಷ್ಟೇ ಗಂಟೆಗಳ ತರಬೇತಿ ಬೇಕು, ಎಲ್ಲರೆದುರು ಗದರದೆ ತಪ್ಪು ತೋರಿಸುವುದು ಹೇಗೆಂದು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಬಹುಪಾಲು ಹೆಂಗಸರು, ಮೇಲ್ವಿಚಾರಣೆ ಬಹುಪಾಲು ಗಂಡಸರದ್ದು. ತರಬೇತಿ ಮುಗಿಸಿದ ಟೈಲರ್‌ಗೆ ಒಂದು ಹಂತದ ಸಂಬಳ ಏರಿಕೆ, ಲೈನ್ ಸೂಪರ್‌ವೈಸರ್ ಹುದ್ದೆ ಖಾಲಿಯಾದಾಗ ಮೊದಲ ಅವಕಾಶ: ಶೇ 250 ಪ್ರತಿಫಲ ಕಾಣುವ ಉದ್ಯಮಕ್ಕೆ ಇವೆರಡೂ ಭಾರವಲ್ಲ. ಕೌಶಲ ತರಬೇತಿಗೆ ಸರ್ಕಾರ ಹಣ ಕೊಡುವ ಕಡೆಯಲ್ಲಾದರೂ ಇವನ್ನು ಷರತ್ತಾಗಿ ಒಪ್ಪಂದದಲ್ಲಿ ಬರೆಸಬೇಕು.