ವರನ ಸಂಬಳದ ಜೊತೆಗೆ ಕೇಳಬೇಕಾದುದು

ಬಂಡ್ರಿಯ ಹೆಣ್ಣುಮಗಳು ಬಸ್ಸು ಹಿಡಿದು ಸಂಡೂರಿಗೆ ಹೋಗಿ ಬ್ಯಾಂಕು, ಔಷಧಿ, ಸಂತೆಯ ಕೆಲಸಗಳನ್ನು ಒಬ್ಬಳೇ ಮುಗಿಸಿ ಬರಬಲ್ಲಳು. ಅವಳೇ ಎಚ್-1ಬಿ ವೀಸಾದ ಎಂಜಿನಿಯರನನ್ನು ಮದುವೆಯಾಗಿ, ಅವಲಂಬಿತರಿಗೆ ನೀಡುವ ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದರೆ, ಬಸ್ಸುಗಳು ವಿರಳವಾದ ಉಪನಗರದಲ್ಲಿ ಹಾಲು ತರಲೂ ಗಂಡನ ಕಾರಿಗಾಗಿ ಕಾಯಬೇಕಾದೀತು. 2015ರ ಮೇ 26ರಿಂದ ಇಂಥ ಪತ್ನಿಯರಿಗೆ ಉದ್ಯೋಗಾವಕಾಶ ತೆರೆಯಿತಾದರೂ, ಅದು ಮುಖ್ಯವಾಗಿ ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಿರ್ದಿಷ್ಟ ಹಂತ ತಲುಪಿದವರಿಗಷ್ಟೇ ಸೀಮಿತವಾಯಿತು. ಉಳಿದವರಿಗೆ ಸ್ವಂತ ಸಂಪಾದನೆಯೂ ಇಲ್ಲ. ದಿನನಿತ್ಯದ ವ್ಯವಹಾರ ಕೈತಪ್ಪಿದರೆ ಸ್ವಾತಂತ್ರ್ಯವೂ ಕೈತಪ್ಪಿದಂತೆಯೇ. ಆದ್ದರಿಂದ ವರನ ಸಂಬಳ ವಿಚಾರಿಸುವ ಪಾಲಕರು, ಬ್ಯಾಂಕ್ ಖಾತೆಯಲ್ಲಿ ಮಗಳ ಹೆಸರೂ ಇರುವುದೇ, ಅವಳು ಕಾರು ಓಡಿಸಲು ಏರ್ಪಾಡು ಉಂಟೇ ಎಂದೂ ಕೇಳಬೇಕು. ಚಿನ್ನ ಹೇರಿ ಕಳುಹಿಸುವುದಕ್ಕಿಂತ ವಾಹನ ಚಾಲನೆ ಕಲಿಸಿ ಕಳುಹಿಸುವುದು ಲೇಸು.