ಮಲಾಕ್ಕಾ ಗೊತ್ತು, ಕಾರ್ಕಳ ಗೊತ್ತಿಲ್ಲ!

ಮಲೇಷ್ಯಾದ ಮಲಾಕ್ಕಾ ರಾಜ್ಯಕ್ಕೆ ಟೂರ್ ಹೋದವರ ವಾಟ್ಸಾಪ್ ಸ್ಟೇಟಸ್ ನೋಡಿದ್ದೀರಾ? ಅದು 1511ರಲ್ಲಿ ಪೋರ್ಚುಗೀಸರು ಗೆದ್ದ ಊರು. ಅವರು ಕಟ್ಟಿದ ಕೋಟೆಯಲ್ಲಿ ಈಗ ಉಳಿದಿರುವುದು ಹೆಚ್ಚುಕಮ್ಮಿ ಒಂದು ಬಾಗಿಲು. ಅದರ ಕಥೆ ಹೇಳಿಯೇ ಆ ಊರು ಜನರನ್ನು ಕರೆಯುತ್ತದೆ. 2008ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ನಮ್ಮ ಕಾರ್ಕಳದ ಗೊಮ್ಮಟ ಆ ಕೋಟೆಗಿಂತ ಹಳೆಯವನು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಮೂರ್ತಿ. ಎದುರಿನ ಗುಡ್ಡದಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ, 1586ರದ್ದು. ಆದರೆ ಉಡುಪಿಗೆ ಬಂದ ನೆಂಟರಿಗೆ ನಾವು ತೋರಿಸುವುದೇನು? ಮಠ, ಮಲ್ಪೆ ಬೀಚ್, ಕಾಪು ದೀಪಸ್ತಂಭದ ಹತ್ತಿರ ಸೆಲ್ಫಿ, ಮುಗಿಯಿತು. ಆ ದೀಪಸ್ತಂಭ 1901ರದ್ದು ಎಂದೂ ಹೇಳುವುದಿಲ್ಲ. ಮಣಿಪಾಲದಲ್ಲಿ ವರ್ಷಗಟ್ಟಲೆ ಓದಿ, ಒಂದು ಗಂಟೆ ಬಸ್ ದಾರಿಯ ಕಾರ್ಕಳ ನೋಡದೆ ಹೋಗುವವರಿದ್ದಾರೆ.

ತಪ್ಪು ಅವರದ್ದಲ್ಲ, ನಮ್ಮದು. ಸರ್ಕಾರ ಬೋರ್ಡ್ ಹಾಕಲಿ ಎಂದು ಕಾದದ್ದು ಸಾಕು. ಪುರಸಭೆ, ಪಂಚಾಯತ್‌ಗಳು ಮನಸ್ಸು ಮಾಡಿ ಊರಿನ ಹತ್ತು ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಡಿಸಲಿ. ಪ್ರವಾಸಿ ಒಂದು ದಿನ ಹೆಚ್ಚು ನಿಂತರೆ ರಿಕ್ಷಾದವರಿಗೂ ಹೋಟೆಲಿನವರಿಗೂ ನಾಲ್ಕು ಕಾಸು ಬರುತ್ತದೆ. ನಮ್ಮ ಕಲ್ಲಿನ ಕಥೆ ನಮಗೇ ಬೇಡವಾದರೆ, ಬೇರೆಯವರು ಯಾಕೆ ಕೇಳಬೇಕು?