ಕಲಾಯಿಯೋ, ಹೊಸ ಪಾತ್ರೆಯೋ?

ವರುಷಕ್ಕೊಮ್ಮೆ ಪಂಚಾಂಗವು ಬದಲಾಗುವುದು ನ್ಯಾಯವೇ. ಗ್ರಹಗಳು ಹೋದ ವರುಷದ ಸ್ಥಾನದಲ್ಲಿಯೇ ನಿಂತಿರುವುದಿಲ್ಲ. ಆದರೆ ಗಣಕಯಂತ್ರಗಳ ತಯಾರಕರು ವರುಷಕ್ಕೊಂದು ಹೊಸ ಸಂಖ್ಯೆಯನ್ನು ಹೊರಡಿಸಿ, ಒಳಗಿರುವುದೆಲ್ಲವೂ ನೂತನವೆಂದು ಸಾರುವುದು ನ್ಯಾಯವೆ? ಅಲ್ಲವೆಂದೇ ನಮ್ಮ ಮತ. ಹಳೆಯ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವುದು ತಪ್ಪಲ್ಲ. ಅದನ್ನು ಹೊಸ ಪಾತ್ರೆಯೆಂದು ಮಾರುವುದು ತಪ್ಪು.

ನಿದರ್ಶನವನ್ನು ನೋಡೋಣ. ಇಂಟೆಲ್ ಸಂಸ್ಥೆಯವರು 2022ರ ಅಕ್ಟೋಬರಿನಲ್ಲಿ ಹದಿಮೂರನೆಯ ಪೀಳಿಗೆಯ ಐ9-13900ಕೆ ಎಂಬ ಪ್ರೊಸೆಸರನ್ನು ಹೊರತಂದರು. ಮರುವರುಷ ಅದೇ ತಿಂಗಳಲ್ಲಿ ಹದಿನಾಲ್ಕನೆಯ ಪೀಳಿಗೆಯ ಐ9-14900ಕೆ ಬಂದಿತು. ಎರಡರಲ್ಲಿಯೂ ಕೋರ್‌ಗಳು 24. ಒಳವಿನ್ಯಾಸವೊಂದೇ, ಸಾಕೆಟ್ಟೂ ಒಂದೇ. ಗರಿಷ್ಠ ವೇಗ ಮಾತ್ರ 5.8 ಗಿಗಾಹರ್ಟ್ಸ್‌ನಿಂದ 6.0ಕ್ಕೆ ಏರಿತು, ಎಂದರೆ ನೂರಕ್ಕೆ ಮೂರೂವರೆಯಷ್ಟೂ ಇಲ್ಲ. ಐ7-14700ಕೆಯಲ್ಲಿ ಕೋರ್‌ಗಳು 16ರಿಂದ 20ಕ್ಕೆ ಹೆಚ್ಚಿದುದನ್ನು ಒಪ್ಪಲೇಬೇಕು. ಆದರೆ ಮೊದಲಿನದನ್ನೂ ಹೊಸ ಪೀಳಿಗೆಯೆನ್ನುವುದಾದರೆ, ಅಂಗಿ ಬದಲಿಸಿ ಬಂದ ಮಗನನ್ನು ಮೊಮ್ಮಗನೆಂದೂ ಕರೆಯಬಹುದು!

ಎಎಮ್‌ಡಿ ಸಂಸ್ಥೆಯವರ ಚಾತುರ್ಯ ಇನ್ನೊಂದು ಬಗೆಯದು. 2022ರಲ್ಲಿ ಅವರು ಪ್ರಕಟಿಸಿದ ರೈಜನ್ 5 7520ಯು ಎಂಬುದರಲ್ಲಿ ಮೊದಲ ಅಂಕವಾದ 7, 2023ನೆಯ ಇಸವಿಯ ಮಾದರಿಯೆಂಬುದರ ಗುರುತು. ಒಳಗಿನ ಝೆನ್ 2 ವಿನ್ಯಾಸವಾದರೋ 2019ರದು. ಆ ಸತ್ಯವನ್ನೂ ಹೇಳಿದ್ದಾರೆ, ನಿಜ. ಆದರೆ ಮೂರನೆಯ ಅಂಕದಲ್ಲಿ! ಅಂಗಡಿಯಲ್ಲಿ ನಿಂತ ಗೃಹಸ್ಥನು ಈ ಸಂಕೇತವನ್ನು ಬಿಡಿಸಬಲ್ಲನೆ?

ಸಣ್ಣ ಸುಧಾರಣೆಗಳು ಕೂಡಿಯೇ ದೊಡ್ಡ ಪ್ರಗತಿಯಾಗುವುದಲ್ಲವೆ, ಎಂದು ಕೆಲವರು ಆಕ್ಷೇಪಿಸಬಹುದು. ಹೌದು. ನಮ್ಮ ತಕರಾರು ಸುಧಾರಣೆಯ ಮೇಲಲ್ಲ, ಅದರ ಹೆಸರಿನ ಮೇಲೆ. 1983ರಲ್ಲಿ ಬಂದ ಐಬಿಎಮ್ ಪಿಸಿ ಎಕ್ಸ್‌ಟಿಯಲ್ಲಿ ಇದ್ದುದು 1981ರ ಯಂತ್ರದ 8088 ಪ್ರೊಸೆಸರೇ, ವೇಗವೂ ಅದೇ 4.77 ಮೆಗಾಹರ್ಟ್ಸ್. ಆದರೂ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಅದರೊಳಗೇ ನೆಲೆಸಿದ್ದರಿಂದ ಕೆಲಸದ ರೀತಿಯೇ ಬದಲಾಯಿತು. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯವರು ಇಂಟೆಲ್ ಪ್ರೊಸೆಸರನ್ನು ಬಿಟ್ಟು ತಮ್ಮದೇ ಎಮ್1 ಅನ್ನು ಇಟ್ಟಾಗ, ಮ್ಯಾಕ್‌ಬುಕ್ ಏರ್ ಒಳಗಿನ ಫ್ಯಾನೇ ಅನಾವಶ್ಯಕವಾಯಿತು. ಬಳಸುವವನ ಅನುಭವಕ್ಕೆ ಬರುವ ಇಂಥ ಬದಲಾವಣೆಯೇ ಹೊಸತನ.

ಇದು ಬರಿಯ ಶಬ್ದವಿವಾದವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತುದರಿಂದ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿರುವ ಎಷ್ಟೋ ಮನೆಗಳವರು ಅಂಗಡಿಯ ಮೆಟ್ಟಿಲು ಹತ್ತಬೇಕಾಗಿ ಬಂದಿದೆ. ಮಕ್ಕಳ ವಿದ್ಯೆಗೆಂದು ಕೂಡಿಟ್ಟ ಹಣ ಅದು. ಹೋದ ವರುಷದ ಮಾದರಿಯಿಂದಲೇ ಆಗುವ ಕೆಲಸಕ್ಕೆ, ಒಂದು ಅಂಕದ ವ್ಯತ್ಯಾಸಕ್ಕಾಗಿ ಅವರೇಕೆ ಹೆಚ್ಚು ಬೆಲೆ ತೆರಬೇಕು?

ಪೆಟ್ಟಿಗೆಯ ಮೇಲೆ ವಸ್ತು ತಯಾರಾದ ತಿಂಗಳನ್ನು ಅಚ್ಚುಹಾಕುವ ಪದ್ಧತಿ ನಮ್ಮಲ್ಲಿದೆ. ಪ್ರೊಸೆಸರಿನ ವಿನ್ಯಾಸವು ಮೊದಲು ಹೊರಬಂದ ಇಸವಿಯನ್ನೂ, ಹಿಂದಿನ ಮಾದರಿಗಿಂತ ಆಗಿರುವ ಬದಲಾವಣೆಯನ್ನೂ ಅದರ ಪಕ್ಕದಲ್ಲಿಯೇ ಅಚ್ಚುಹಾಕಿಸಬೇಕು. ಆ ದಿನ ಬರುವವರೆಗೆ, ಕೊಳ್ಳುವವರು ಈ ಎರಡನ್ನೂ ಬಾಯಿಬಿಟ್ಟು ಕೇಳಲಿ. ತಕ್ಕ ಉತ್ತರ ಬಾರದ ಅಂಗಡಿಯಲ್ಲಿ ಚೀಲದ ಬಾಯಿಯನ್ನು ಬಿಚ್ಚದಿರಲಿ.